ಒಂದು ಸಾಫ್ಟ್‌ವೇರ್ ಹಾಕಿಕೊಂಡರೆ ಎಐ ಎಲ್ಲ ಕೆಲಸ ಮಾಡಿಬಿಡುತ್ತದೆಯೇ?

“ಈ ಸಾಫ್ಟ್‌ವೇರ್ ಕಂಪ್ಯೂಟರಿಗೆ ಹಾಕಿಕೊಳ್ಳಿ ಸಾಕು, ಅರ್ಜಿ, ಪತ್ರ, ಲೆಕ್ಕ ಎಲ್ಲವನ್ನೂ ಎಐ ತಾನೇ ಮಾಡುತ್ತದೆ, ಪೂರ್ತಿ ಉಚಿತ!” ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಲೇ ಇರುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂಥ ಊರುಗಳಲ್ಲಿ ಜನರ ಅರ್ಜಿ ಬರೆದುಕೊಡುವ ಕಂಪ್ಯೂಟರ್ ಸೆಂಟರ್ ನಡೆಸುವವರಿಗೆ ಇದು ಆಸೆ ಹುಟ್ಟಿಸುವ ಮಾತೇ. ಇದರಲ್ಲಿ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ? ನೋಡೋಣ.

ಈ ಸಾಫ್ಟ್‌ವೇರ್ ಮಾಡುವುದೇನು?

ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಜನರ ಕೈಗೆ ಬಂತು. ಅಂದಿನಿಂದ ನಾವೆಲ್ಲ ಮಾಡುವುದು ಒಂದೇ: ಕಡತದಿಂದ ಕಾಪಿ ಮಾಡು, ಬ್ರೌಸರ್‌ನಲ್ಲಿ ಪೇಸ್ಟ್ ಮಾಡು, ಪ್ರಶ್ನೆ ಟೈಪ್ ಮಾಡು, ಉತ್ತರವನ್ನು ಮತ್ತೆ ಕಡತಕ್ಕೆ ತಾ. ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಈ ಓಡಾಟವನ್ನು ಕಡಿಮೆ ಮಾಡುತ್ತದೆ. ಪಠ್ಯವನ್ನು ಆಯ್ದು ಎರಡು ಕೀಲಿ ಒತ್ತಿದರೆ, ಮೊದಲೇ ಬರೆದಿಟ್ಟ ಸೂಚನೆಯನ್ನು ಅದಕ್ಕೆ ಸೇರಿಸಿ, ಎಪಿಐ ಎಂಬ ದಾರಿಯಲ್ಲಿ ಎಐ ಕಂಪನಿಯ ಸರ್ವರಿಗೆ ಕಳಿಸಿ, ಬಂದ ಉತ್ತರವನ್ನು ಪರದೆಗೆ ತರುತ್ತದೆ. ಇಷ್ಟನ್ನು ಮಾಡುವ ಸರಳ ಪ್ರೋಗ್ರಾಮನ್ನು ಪೈಥಾನ್ ಕಲಿತ ವಿದ್ಯಾರ್ಥಿಯೂ ಬರೆಯಬಹುದು.

ಅಂದರೆ ಇದು ಅಂಚೆಯಣ್ಣನ ಕೆಲಸ. ಅಂಚೆಯಣ್ಣ ಎಷ್ಟೇ ಚುರುಕಾಗಿದ್ದರೂ ಪತ್ರದ ಒಳಗಿನ ತಪ್ಪು ಸರಿಹೋಗುವುದಿಲ್ಲ. ಆದರೆ ಪತ್ರದ ಜೊತೆ ಸರಿಯಾದ ಚೀಟಿ ಇಟ್ಟು ಕಳಿಸಬಹುದು. ಇಂಥ ಸಾಫ್ಟ್‌ವೇರಿನ ನಿಜವಾದ ಲಾಭ ಇರುವುದು ಅಲ್ಲೇ.

1-20 ಎಂದರೆ ಎಷ್ಟು?

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಮ್ಮಲ್ಲಿ ಜಮೀನಿನ ವಿಸ್ತೀರ್ಣ 1-20 ಎಂದರೆ 1 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ಇದು ಒಂದೂವರೆ ಎಕರೆ. ಅದನ್ನೇ 1.20 ಎಂದು ಟೈಪ್ ಮಾಡಿ ಎಐಗೆ ಕೊಟ್ಟರೆ, ಅದು ಅದನ್ನು ದಶಮಾಂಶ ಎಂದು ಓದುವ ಅಪಾಯವಿದೆ.

ಇಬ್ಬರು ಅಣ್ಣತಮ್ಮಂದಿರಿಗೆ ಸಮಪಾಲು ಮಾಡಬೇಕು ಎನ್ನಿ. ಸರಿಯಾದ ಲೆಕ್ಕದಲ್ಲಿ ಒಬ್ಬರಿಗೆ 30 ಗುಂಟೆ. ದಶಮಾಂಶದ ಲೆಕ್ಕದಲ್ಲಿ 0.6 ಎಕರೆ, ಅಂದರೆ 24 ಗುಂಟೆ. ಒಬ್ಬೊಬ್ಬರಿಗೂ 6 ಗುಂಟೆ ಖೋತಾ! ಗುಂಟೆಗೆ 1,089 ಚದರಡಿಯಂತೆ ಅದು 6,534 ಚದರಡಿ. ಒಳ್ಳೆಯ ಕನ್ನಡದಲ್ಲಿ, ಅಚ್ಚುಕಟ್ಟಾಗಿ ಬರೆದ ಪತ್ರದಲ್ಲಿ ಈ ತಪ್ಪು ಕೂತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಂಡುಬರುವುದು ಜಗಳ ಶುರುವಾದ ಮೇಲೆ.

ಟೊಮೆಟೊ ಲೆಕ್ಕವೂ ಹೀಗೆಯೇ. ಕೋಲಾರದ ಮಾರುಕಟ್ಟೆಯಲ್ಲಿ ಬಾಕ್ಸ್ ಎಂದರೆ 15 ಕೆ.ಜಿ. ಬೇರೆ ಊರಿನ ಮಾರುಕಟ್ಟೆಗಳಲ್ಲಿ ಬಾಕ್ಸಿನ ತೂಕ ಬೇರೆ. ನಾವು ಹೇಳದಿದ್ದರೆ ಎಐ ಊಹೆ ಮಾಡುತ್ತದೆ, ಊಹೆಯನ್ನೂ ಖಚಿತವಾದ ಮಾತಿನಂತೆಯೇ ಬರೆಯುತ್ತದೆ.

ಆದ್ದರಿಂದ ಸಾಫ್ಟ್‌ವೇರ್ ಕಟ್ಟುವವರು ಎರಡು ಕೆಲಸ ಮಾಡಬೇಕು. ಇಂಥ ಊರಿನ ಅಳತೆಗಳನ್ನು ಒಂದು ಚೀಟಿಯಂತೆ ಬರೆದಿಟ್ಟು ಪ್ರತಿ ಪ್ರಶ್ನೆಯ ಜೊತೆಗೂ ಕಳಿಸಬೇಕು. ಎಪಿಐ ಮೂಲಕ ಹೋಗುವ ಪ್ರಶ್ನೆಗೆ ಸಾಮಾನ್ಯವಾಗಿ ಹಿಂದಿನ ಮಾತಿನ ನೆನಪು ತಾನಾಗಿ ಇರುವುದಿಲ್ಲ, ಕಳಿಸಿದ್ದಷ್ಟೇ ಅದಕ್ಕೆ ಕಾಣುತ್ತದೆ. ಎರಡನೆಯದು, ಗುಂಟೆ, ಬಾಕ್ಸ್ ಲೆಕ್ಕವನ್ನು ಎಐಗೆ ಬಿಡದೆ ಪ್ರೋಗ್ರಾಮಿನಲ್ಲೇ ಮಾಡಬೇಕು. ನಿಯಮ ಖಚಿತವಾಗಿರುವ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಸಾಕು. ಎಐ ಬೇಕಿರುವುದು ಪತ್ರದ ಭಾಷೆ ತಿದ್ದಲು.

ಹಳೆಯ ನುಡಿ ಕಡತದ ತೊಂದರೆ

‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತಿನ ‘ನುಡಿ’ ನಮ್ಮ ಕಂಪ್ಯೂಟರ್ ಸೆಂಟರ್‌ಗಳಿಗೆ ಕನ್ನಡ ತಂದುಕೊಟ್ಟ ತಂತ್ರಾಂಶಗಳು. ಆದರೆ ಅವುಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಕಡತಗಳು ಯೂನಿಕೋಡ್‌ನಲ್ಲಿಲ್ಲ. ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಬೇರೆ ಲಿಪಿಯ ಚಿಹ್ನೆಗಳು. ಕಾಪಿ ಮಾಡಿ ಎಐಗೆ ಕೊಟ್ಟರೆ ಅದಕ್ಕೆ ಅರ್ಥವಿಲ್ಲದ ಅಕ್ಷರಗಳ ರಾಶಿ ಸಿಗುತ್ತದೆ. “ಎಐಗೆ ಕನ್ನಡ ಬರುವುದಿಲ್ಲ” ಎಂಬ ದೂರಿಗೆ ಕೆಲವೊಮ್ಮೆ ಇದೇ ಕಾರಣ. ಕಳಿಸುವ ಮೊದಲು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕ ಸಾಫ್ಟ್‌ವೇರಿನಲ್ಲೇ ಇರಬೇಕು.

ನಿಜವಾಗಿ ಉಚಿತವೇ?

ಎಪಿಐ ಬಳಕೆಗೆ ಕಂಪನಿಗಳು ಟೋಕನ್ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುತ್ತವೆ. ಟೋಕನ್ ಎಂದರೆ ಪಠ್ಯದ ಸಣ್ಣ ತುಂಡು. ‘ಮಾಲೂರು’ ಎಂಬ ಪದ ಯುಟಿಎಫ್-8ರಲ್ಲಿ 18 ಬೈಟ್, ಇಂಗ್ಲಿಷ್‌ನಲ್ಲಿ ಬರೆದರೆ ಬರೀ 5 ಬೈಟ್. ಹೊಸ ಮಾದರಿಗಳು ಭಾರತದ ಭಾಷೆಗಳನ್ನು ಮೊದಲಿಗಿಂತ ಕಡಿಮೆ ಟೋಕನ್‌ಗಳಲ್ಲಿ ಹಿಡಿಯುತ್ತವೆಯಾದರೂ, ಅದೇ ವಿಷಯಕ್ಕೆ ಇಂಗ್ಲಿಷ್‌ಗಿಂತ ಕನ್ನಡಕ್ಕೆ ಸಾಮಾನ್ಯವಾಗಿ ಹೆಚ್ಚು ಟೋಕನ್ ಬೇಕು. ಹಾಗಾಗಿ “ಪೂರ್ತಿ ಉಚಿತ” ಎಂದರೆ ಆ ಹಣವನ್ನು ಯಾರು, ಯಾಕೆ ಕೊಡುತ್ತಿದ್ದಾರೆ ಎಂದು ಕೇಳಲೇಬೇಕು.

ನಮ್ಮ ಮಾಹಿತಿ ಎಲ್ಲಿಗೆ ಹೋಗುತ್ತದೆ?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಕಾಪಿ ಮಾಡಿದ್ದನ್ನೆಲ್ಲ ಓದಬಲ್ಲ ಸಾಫ್ಟ್‌ವೇರ್ ಒಟಿಪಿ, ಪಾಸ್‌ವರ್ಡ್, ಆಧಾರ್ ಸಂಖ್ಯೆಯನ್ನೂ ಓದಬಲ್ಲದು. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಕಡತವನ್ನು ನಂಬಿ ಇನ್‌ಸ್ಟಾಲ್ ಮಾಡುವುದು ಮನೆಯ ಬೀಗದ ಕೈ ಅಪರಿಚಿತರಿಗೆ ಕೊಟ್ಟಂತೆ.

ಒಳ್ಳೆಯ ಸಾಫ್ಟ್‌ವೇರ್ ಆದರೆ 12 ಅಂಕಿಯ ಸಂಖ್ಯೆ ಕಂಡ ಕೂಡಲೇ ಮುಚ್ಚಿ ಕಳಿಸಬೇಕು. ಆಧಾರ್ ಪ್ರಾಧಿಕಾರವೇ ಕೊಡುವ ಮಾಸ್ಕ್ ಮಾಡಿದ ಆಧಾರ್‌ನಲ್ಲಿ ಮೊದಲ 8 ಅಂಕಿ ಮುಚ್ಚಿ, ಕೊನೆಯ 4 ಮಾತ್ರ ಕಾಣುತ್ತವಲ್ಲ, ಹಾಗೆ. ಹೆಸರು, ಸರ್ವೆ ನಂಬರ್ ಜಾಗದಲ್ಲಿ ಖಾಲಿ ಗುರುತು ಇಟ್ಟು, ಉತ್ತರ ಬಂದ ಮೇಲೆ ನಮ್ಮ ಕಂಪ್ಯೂಟರಿನಲ್ಲೇ ತುಂಬಬಹುದು. ಅರ್ಜಿ ಬರೆಸಲು ಬಂದ ಅಜ್ಜಿಗೆ ತನ್ನ ಕಾಗದ ಯಾವ ದೇಶದ ಸರ್ವರಿಗೆ ಹೋಯಿತೆಂದು ಗೊತ್ತಾಗುವುದಿಲ್ಲ. ಆ ಹೊಣೆ ಕೀಲಿಮಣೆಯ ಮುಂದೆ ಕೂತವರದ್ದು.

ಇಂಟರ್‌ನೆಟ್ ಇಲ್ಲದೆ ನಮ್ಮ ಕಂಪ್ಯೂಟರಿನಲ್ಲೇ ಓಡುವ ಸಣ್ಣ ಎಐ ಮಾದರಿಗಳೂ ಇವೆ. ಮಾಹಿತಿ ಹೊರಗೆ ಹೋಗುವುದಿಲ್ಲ, ನಿಜ. ಆದರೆ ಅವುಗಳಿಗೆ ಹೆಚ್ಚು ಮೆಮೊರಿಯ ಕಂಪ್ಯೂಟರ್ ಬೇಕು, ಅವುಗಳ ಕನ್ನಡವೂ ದೊಡ್ಡ ಮಾದರಿಗಳಷ್ಟು ಚೆನ್ನಾಗಿರುವುದಿಲ್ಲ.

ಒಟ್ಟಿನಲ್ಲಿ

ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಎಐ ಜೊತೆಗಿನ ಕೆಲಸವನ್ನು ಬೇಗ ಮಾಡಿಸುತ್ತದೆ ಎಂಬುದು ನಿಜ. ಎಲ್ಲವನ್ನೂ ತಾನೇ, ತಪ್ಪಿಲ್ಲದೆ ಮಾಡುತ್ತದೆ ಎಂಬುದು ಸುಳ್ಳು. ಅಂಕಿ, ಹೆಸರು, ದಿನಾಂಕ ಈ ಮೂರನ್ನು ಮೂಲ ಕಾಗದದ ಜೊತೆ ಇಟ್ಟು ನೋಡದೆ ಯಾವ ಪತ್ರಕ್ಕೂ ಸಹಿ ಹಾಕಿಸಬೇಡಿ. ಇನ್ನು ಆ ಸಂದೇಶ ಮತ್ತೆ ಬಂದರೆ, ಫಾರ್ವರ್ಡ್ ಒತ್ತುವ ಮೊದಲು 1-20ರಲ್ಲಿ ಅರ್ಧ ಎಷ್ಟು ಎಂದು ಕಳಿಸಿದವರನ್ನು ಒಮ್ಮೆ ಕೇಳಿ.