ಕೆರೆಬೇಟೆ ಇರಲಿ, ಕ್ಯಾಟ್‌ಫಿಶ್ ಬೇಡ

ತುಂಗಭದ್ರೆಯ ನೀರನ್ನು ಮೇಲೆತ್ತಿ ಜಗಳೂರು ಭಾಗದ 57 ಕೆರೆಗಳನ್ನು ತುಂಬಿಸುವ ಯೋಜನೆ ಬರದ ಸೀಮೆಯಲ್ಲಿ ಮೀನಿಗೂ ಹೊಸ ನೆಲೆ ಕೊಟ್ಟಿದೆ. ಈ ಕೆರೆಗಳಿಗೆ ಯಾವ ಮೀನಿನ ಮರಿ ಬೀಳುತ್ತದೆ ಎಂಬುದು ಈಗಲೇ ತೀರ್ಮಾನವಾಗಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ಕೇಂದ್ರ ಕೃಷಿ ಸಚಿವಾಲಯ 1997ರಲ್ಲೇ ತಡೆ ಹಾಕಿದ್ದರೂ, ಕದ್ದುಮುಚ್ಚಿ ಸಾಕುವುದು ರಾಜ್ಯದಲ್ಲಿ ನಿಂತಿಲ್ಲ. 1952ರಲ್ಲಿ ದೇಶಕ್ಕೆ ಬಂದ ಜಿಲೇಬಿ ಮೀನಂತೂ ಊರಿನದೇ ಎಂಬಷ್ಟು ಬಳಕೆಯಾಗಿಬಿಟ್ಟಿದೆ.

ಮಲೆನಾಡಿನ ಸೆರಗಿನಲ್ಲಿ ಊರವರೆಲ್ಲ ಕೆರೆಗಿಳಿದು ಮೀನು ಹಿಡಿಯುವ ಬೇಸಿಗೆಯ ಕೆರೆಬೇಟೆ ಊರ ಹಬ್ಬ. ಅದನ್ನು ದೂರುವುದು ನಮ್ಮ ಉದ್ದೇಶವಲ್ಲ. ಆದರೆ ಬಲೆಗೆ, ಬಿದಿರಿನ ಕೂಣಿಗೆ ಎಲ್ಲ ಮೀನೂ ಸಿಗುವುದಿಲ್ಲ. ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಕ್ಯಾಟ್‌ಫಿಶ್ ಕೆಸರಲ್ಲಿ ಉಳಿದು, ಮಳೆ ಬಂದಾಗ ಹಸಿ ನೆಲದ ಮೇಲೂ ಸರಿದು ಪಕ್ಕದ ಹಳ್ಳ ಸೇರುತ್ತದೆ. ಗೆಂಡೆ, ಕುಚ್ಚಿನ ಮರಿಗಳನ್ನು ನುಂಗುತ್ತದೆ. ಕೋಡಿ ಬಿದ್ದ ಕೆರೆ ಮುಂದಿನ ಕೆರೆಗೆ ದಾರಿಯಾಗುವುದರಿಂದ ಒಬ್ಬ ಗುತ್ತಿಗೆದಾರನ ಲಾಭ ಹತ್ತು ಊರಿನ ನಷ್ಟವಾಗುತ್ತದೆ. ಸೂಳೆಕೆರೆಯಂಥ ವಿಶಾಲ ಜಲರಾಶಿಯಲ್ಲಿ ಈ ಮೀನು ಬೇರೂರಿದರೆ ಕಿತ್ತು ತೆಗೆಯುವುದು ಯಾರಿಂದಲೂ ಆಗದು.

ಕೆರೆ ಗುತ್ತಿಗೆಯ ಕರಾರಿನಲ್ಲಿ ಬಿತ್ತುವ ಮರಿಯ ಜಾತಿಯನ್ನು ನಮೂದಿಸುವುದು ಕಡ್ಡಾಯವಾಗಬೇಕು, ತಪ್ಪಿದರೆ ಗುತ್ತಿಗೆ ರದ್ದಾಗಬೇಕು. ಬೇಟೆಗಿಳಿಯುವವರೂ ಸಿಕ್ಕ ಕ್ಯಾಟ್‌ಫಿಶ್ ಅನ್ನು ಮರಳಿ ನೀರಿಗೆ ಬಿಡದೆ ಮೀನುಗಾರಿಕೆ ಇಲಾಖೆಗೆ ಸುದ್ದಿ ಮುಟ್ಟಿಸಲಿ.