ಗ್ರಂಥಗಳನ್ನು ಕಾಯ್ದ ಮಠ

ಧರ್ಮಕೇಂದ್ರಗಳ ಹಿರಿಮೆಯನ್ನು ಅವುಗಳ ಕಟ್ಟಡದ ಎತ್ತರದಿಂದಲೂ ಭಂಡಾರದ ಗಾತ್ರದಿಂದಲೂ ಅಳೆಯುವುದು ಲೋಕರೂಢಿ. ಆದರೆ ಮುಂದಿನ ಪೀಳಿಗೆಗೆ ಅವು ಏನನ್ನು ಉಳಿಸಿಕೊಟ್ಟವು ಎಂಬುದು ಇನ್ನೂ ದೊಡ್ಡ ಅಳತೆ. ಮಧ್ಯಯುಗದ ಯೂರೋಪಿನ ಕ್ರೈಸ್ತ ಮಠಗಳ ಪೈಕಿ, ಇಂದಿನ ಸ್ವಿಟ್ಜರ್ಲೆಂಡಿನಲ್ಲಿರುವ ಸೇಂಟ್ ಗಾಲ್ ಮಠದ ಇತಿಹಾಸವು ಈ ದೃಷ್ಟಿಯಿಂದ ಮನನಯೋಗ್ಯವಾಗಿದೆ.

ಕ್ರಿ.ಶ. 612ರ ಸುಮಾರಿಗೆ ಗಾಲಸ್ ಎಂಬ ಸಂತನು ಸ್ಟೈನಾಖ್ ಹೊಳೆಯ ಬಳಿಯ ಕಾಡಿನಲ್ಲಿ ಕುಟೀರ ಕಟ್ಟಿಕೊಂಡು ನೆಲೆಸಿದನು. 719ರ ಸುಮಾರಿಗೆ ಓಟ್ಮಾರ್ ಎಂಬಾತನು ಆ ಸ್ಥಳದಲ್ಲಿ ಮಠವನ್ನು ಸ್ಥಾಪಿಸಿದನು. ಮುಂದೆ ಅಲ್ಲಿ ಸಂತ ಬೆನೆಡಿಕ್ಟನ ನಿಯಮಾವಳಿ ಜಾರಿಗೆ ಬಂದಿತು. ಸೋಮಾರಿತನವು ಆತ್ಮಕ್ಕೆ ಶತ್ರುವೆಂದು ಬಗೆದ ಆ ನಿಯಮಾವಳಿಯು ಪ್ರಾರ್ಥನೆಯೊಡನೆ ಮೈದುಡಿಮೆಗೂ ಓದಿಗೂ ದಿನದಲ್ಲಿ ಹೊತ್ತನ್ನು ಗೊತ್ತುಪಡಿಸಿತ್ತು.

ಓದಬೇಕಾದರೆ ಗ್ರಂಥ ಬೇಕು. ಮುದ್ರಣಯಂತ್ರವಿಲ್ಲದ ಆ ಕಾಲದಲ್ಲಿ ಕುರಿ, ಆಡು, ಕರುಗಳ ಚರ್ಮವನ್ನು ಹದಮಾಡಿ, ಗೆರೆ ಎಳೆದು, ಒಂದೊಂದು ಅಕ್ಷರವನ್ನೂ ಕೈಯಿಂದಲೇ ಬರೆಯಬೇಕಾಗಿತ್ತು. ಒಂದು ದೊಡ್ಡ ಗ್ರಂಥಕ್ಕೆ ಅನೇಕ ಪ್ರಾಣಿಗಳ ಚರ್ಮವೂ ತಿಂಗಳುಗಳ ಶ್ರಮವೂ ಬೇಕಾಗುತ್ತಿದ್ದವು. ಒಂಬತ್ತನೆಯ ಶತಮಾನದಲ್ಲಿ ಈ ಮಠಕ್ಕಾಗಿ ರಚಿತವಾದ ಆದರ್ಶ ಮಠದ ನಕ್ಷೆಯೊಂದು ಇಂದಿಗೂ ಉಳಿದಿದೆ. ಅದರಲ್ಲಿ ಅತಿಥಿಗೃಹ, ರೋಗಿಗಳ ಮನೆ, ಔಷಧಿವನ, ಪಾಠಶಾಲೆಗಳಿವೆ. ಚರ್ಚಿಗೆ ಹೊಂದಿಕೊಂಡು ಕೆಳಗೆ ಬರವಣಿಗೆಯ ಕೊಠಡಿ, ಮೇಲೆ ಗ್ರಂಥಾಲಯವಿದೆ.

926ರಲ್ಲಿ ಮಾಗ್ಯಾರ್ ದಾಳಿಕಾರರು ಈ ಪ್ರದೇಶಕ್ಕೆ ನುಗ್ಗಿದರು. ಆಗ ಸಮೀಪದಲ್ಲಿ ವಿಬೊರಾಡಾ ಎಂಬ ತಪಸ್ವಿನಿಯು ಪುಟ್ಟ ಕೋಣೆಯೊಳಗೆ ಏಕಾಂತವ್ರತದಲ್ಲಿದ್ದಳು. ಮೊದಲು ಗ್ರಂಥಗಳನ್ನು ಸಾಗಿಸಿರಿ, ಆ ಬಳಿಕ ಬೆಳ್ಳಿಬಂಗಾರ ಎಂದು ಆಕೆ ಮಠಾಧಿಪತಿಗೆ ಎಚ್ಚರಿಕೆ ನೀಡಿದಳೆಂಬುದು ಪರಂಪರೆಯ ಕಥನ. ಗ್ರಂಥಗಳು ರೈಖೆನೌ ದ್ವೀಪದ ಮಠವನ್ನು ಸೇರಿ ಸುರಕ್ಷಿತವಾದವು. ವ್ರತವನ್ನು ಬಿಡಲೊಲ್ಲದೆ ಅಲ್ಲಿಯೇ ಉಳಿದ ವಿಬೊರಾಡಾ ದಾಳಿಕಾರರ ಕೈಯಲ್ಲಿ ಹತಳಾದಳು. 1047ರಲ್ಲಿ ಆಕೆಗೆ ಸಂತಪದವಿ ದೊರೆಯಿತು. ಗ್ರಂಥಾಲಯಗಳ ರಕ್ಷಕಿಯೆಂದು ಆಕೆಯನ್ನು ಇಂದಿಗೂ ಸ್ಮರಿಸುತ್ತಾರೆ.

ಆದರೆ ಅದೇ ಮಠದ ಮತ್ತೊಂದು ಚಿತ್ರವನ್ನೂ ನಾವು ಮರೆಯಲಾಗದು. 1416ರಲ್ಲಿ ಇಟಲಿಯ ವಿದ್ವಾಂಸ ಪೊಗ್ಗಿಯೊ ಬ್ರಾಚ್ಚಿಯೊಲಿನಿ ಅಲ್ಲಿಗೆ ಬಂದನು. ಗೋಪುರವೊಂದರ ತಳದ ಕತ್ತಲೆಯ ಕೋಣೆಯಲ್ಲಿ, ಧೂಳು ಬೂಷ್ಟುಗಳ ನಡುವೆ ಗ್ರಂಥಗಳು ಬಿದ್ದಿದ್ದವೆಂದು ಆತನು ಪತ್ರದಲ್ಲಿ ಮರುಗಿ ಬರೆದಿದ್ದಾನೆ. ರೋಮಿನ ಕ್ವಿಂಟಿಲಿಯನ್ ರಚಿಸಿದ ವಾಕ್‌ಶಿಕ್ಷಣ ಗ್ರಂಥದ ಸಮಗ್ರ ಪ್ರತಿಯು ಅಲ್ಲಿ ದೊರೆಯಿತು. ಆ ಕಾಲದ ಇಟಲಿಯ ಪಂಡಿತರಿಗೆ ಅದು ತುಂಡುತುಂಡಾಗಿ ಮಾತ್ರ ತಿಳಿದಿತ್ತು. ಪೊಗ್ಗಿಯೊ ಅದನ್ನು ಸ್ವಹಸ್ತದಿಂದ ಪ್ರತಿಮಾಡಿಕೊಂಡು ಲೋಕಕ್ಕೆ ಮರಳಿ ಕೊಟ್ಟನು.

ಶತ್ರುಗಳಿಂದ ಉಳಿಸಿಕೊಂಡ ನಿಧಿಯೇ ಒಳಗಿನವರ ಔದಾಸೀನ್ಯದಿಂದ ಕತ್ತಲೆ ಸೇರಿತ್ತು! ದಾಳಿಯ ಅಪಾಯ ಎಲ್ಲರ ಕಣ್ಣಿಗೂ ಕಾಣುತ್ತದೆ. ಮರೆವಿನ ಅಪಾಯ ಸದ್ದಿಲ್ಲದೆ ಬರುತ್ತದೆ. ಆದರೂ ಹಿಂದಿನವರು ಬರೆದು ಕಾಪಾಡದೆ ಇದ್ದಿದ್ದರೆ ಪೊಗ್ಗಿಯೊ ಹುಡುಕಿದರೂ ಅಲ್ಲಿ ಏನೂ ಸಿಗುತ್ತಿರಲಿಲ್ಲ ಎಂಬುದೂ ಅಷ್ಟೇ ಸತ್ಯ.

1805ರಲ್ಲಿ ಮಠವು ವಿಸರ್ಜನೆಗೊಂಡಿತು. ಅದರ ಜಮೀನು, ಅಧಿಕಾರಗಳು ಅಳಿದವು. ಗ್ರಂಥಾಲಯವು ಮಾತ್ರ 2,000ಕ್ಕೂ ಮಿಕ್ಕಿದ ಹಸ್ತಪ್ರತಿಗಳೊಡನೆ ಇಂದಿಗೂ ಜೀವಂತವಾಗಿದೆ. 1983ರಲ್ಲಿ ಈ ಮಠದ ಆವರಣವು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಗ್ರಂಥಾಲಯದ ಬಾಗಿಲ ಮೇಲೆ ಅದನ್ನು ಆತ್ಮದ ಚಿಕಿತ್ಸಾಲಯವೆಂದು ಕರೆಯುವ ಗ್ರೀಕ್ ಬರಹವಿದೆ. ಔಷಧವನ್ನು ಕಪಾಟಿನಲ್ಲಿ ಜೋಪಾನವಾಗಿ ಇಟ್ಟ ಮಾತ್ರಕ್ಕೆ ರೋಗ ವಾಸಿಯಾಗದು. ಸೇವಿಸಿದರೆ ಮಾತ್ರ ಗುಣ. ಗ್ರಂಥದ ಮಾತೂ ಹಾಗೆಯೇ. ಅದನ್ನು ಕಾಪಾಡಿದವನು ಅರ್ಧ ಋಣವನ್ನು ತೀರಿಸುತ್ತಾನೆ. ಉಳಿದರ್ಧವನ್ನು ತೀರಿಸಬೇಕಾದವನು ಓದುವವನು.