ಫಲಕದ ಜೈನ ಊಟ, ಮುಳುಗಿದ ಸೂರ್ಯ

ವ್ಯಾಪಾರ ಸಮ್ಮೇಳನಕ್ಕೆಂದು ಪರಸ್ಥಳಕ್ಕೆ ಒಂಟಿಯಾಗಿ ಹೋಗಿ ಬಂದ ಶ್ರಾವಕನನ್ನು ‘ಊಟಕ್ಕೆ ಏನು ಮಾಡಿದಿರಿ?’ ಎಂದು ಕೇಳಿದರೆ ಸಾಮಾನ್ಯವಾಗಿ ಎರಡರಲ್ಲೊಂದು ಉತ್ತರ ದೊರೆಯುತ್ತದೆ. ‘ಅಲ್ಲಿ ಏನೂ ಸಿಗುವುದಿಲ್ಲ, ಹೊಂದಿಕೊಳ್ಳಬೇಕಾಯಿತು’ ಎಂಬುದು ಒಂದು. ‘ಈಗೇನು ತೊಂದರೆ, ಎಲ್ಲ ಕಡೆಯೂ ಜೈನ್ ಊಟ ಸಿಗುತ್ತದೆ’ ಎಂಬುದು ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ಸುಳ್ಳು. ಎರಡನೆಯದು ಅದಕ್ಕಿಂತಲೂ ಅಪಾಯಕಾರಿಯಾದ ಅರ್ಧಸತ್ಯ.

ಬೆಳಗಾವಿ, ಹುಬ್ಬಳ್ಳಿಗಳ ವರ್ತಕರು ಅಡಿಗಡಿಗೆ ಹೋಗುವ ಮುಂಬಯಿಯನ್ನೇ ನೋಡಬಹುದು. ಸಮ್ಮೇಳನ ಗೋರೆಗಾಂವ್‌ನಲ್ಲಿರಲಿ, ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿರಲಿ, ಆ ನಗರದಲ್ಲಿ ಜೈನ ಊಟವಿಲ್ಲವೆನ್ನುವುದು ಅಲ್ಲಿಯ ಕಡಲಿನಲ್ಲಿ ಉಪ್ಪಿಲ್ಲವೆಂದಂತೆ. ಕಾಲ್ಬಾದೇವಿ, ಭೂಲೇಶ್ವರಗಳ ಗುಜರಾತಿ ಭೋಜನಾಲಯಗಳಿಂದ ಹಿಡಿದು ಮಲಾಡ್, ಬೋರಿವಲಿ, ಘಾಟ್‌ಕೋಪರ್‌ಗಳ ಕೈಗಾಡಿಯವರೆಗೆ ‘ಜೈನ್’ ಎಂಬ ಮಾತು ಅರ್ಥವಾಗದವರಿಲ್ಲ. ಪಾವ್‌ಭಾಜಿಗೆ ಆಲೂಗಡ್ಡೆಯ ಬದಲು ಬಾಳೆಕಾಯಿ ಬೀಳುತ್ತದೆ. ಕೇಳುವ ಮೊದಲೇ ಮಾಣಿ ‘ಜೈನ್ ಯಾ ರೆಗ್ಯುಲರ್?’ ಎನ್ನುತ್ತಾನೆ. ವಿಮಾನ ಸಂಸ್ಥೆಗಳೂ ತಮ್ಮ ಊಟದ ಸಂಕೇತಗಳಲ್ಲಿ ವಿ.ಜೆ.ಎಂ.ಎಲ್. ಎಂಬ ನಾಲ್ಕಕ್ಷರವನ್ನು ಜೈನ ಸಸ್ಯಾಹಾರಕ್ಕೆಂದೇ ಮೀಸಲಿಟ್ಟಿವೆ. ಇಷ್ಟಿದ್ದೂ ‘ಏನೂ ಸಿಗುವುದಿಲ್ಲ’ ಎನ್ನುವವನು ಹುಡುಕಲಿಲ್ಲ. ಅಥವಾ ಮನೆಯವರ ಕಣ್ಣಿಲ್ಲದ ಊರಿನಲ್ಲಿ ಹುಡುಕಲು ಇಷ್ಟಪಡಲಿಲ್ಲ.

ಆದರೆ ಈ ‘ಜೈನ’ ಫಲಕಗಳಲ್ಲಿ ಗಡಿಯಾರವಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳನ್ನು ತೆಗೆದುಹಾಕಿದ ತಟ್ಟೆ ರಾತ್ರಿ ಒಂಬತ್ತಕ್ಕೂ ಜೈನವೇ, ಹನ್ನೊಂದಕ್ಕೂ ಜೈನವೇ! ಹೋಟೆಲಿನವನನ್ನು ದೂರುವಂತಿಲ್ಲ, ಗಿರಾಕಿ ಕೇಳಿದ್ದನ್ನು ಅವನು ಕಲಿತ. ಗಿರಾಕಿ ಕೇಳಿದ್ದು ಗೆಡ್ಡೆಗೆಣಸುಗಳ ವಿಚಾರವನ್ನು ಮಾತ್ರ, ಹೊತ್ತಿನ ವಿಚಾರವನ್ನಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಂಗಿ, ಹಸಿಶುಂಠಿಗಳನ್ನು ಬಿಡಲು ಹೇಳಿದ್ದು ಫಲ ಅಲ್ಪವಾಗಿ ಘಾತ ಅಧಿಕವಾಗುವುದರಿಂದ. ಅದೇ ಗ್ರಂಥದಲ್ಲಿ ಶ್ರಾವಕನ ಹನ್ನೊಂದು ಪ್ರತಿಮೆಗಳೊಳಗೆ ರಾತ್ರಿಭುಕ್ತಿವಿರತಿ ಆರನೆಯದಾಗಿ ಬರುತ್ತದೆ. ಪುರುಷಾರ್ಥಸಿದ್ಧ್ಯುಪಾಯವನ್ನು ರಚಿಸಿದ ಅಮೃತಚಂದ್ರಾಚಾರ್ಯರಂತೂ ದೀಪದ ಬೆಳಕು ಇದಕ್ಕೆ ಪರಿಹಾರವಲ್ಲವೆಂದು ವಾದಿಸಿದ್ದಾರೆ. ‘ಆಗ ವಿದ್ಯುತ್ತಿರಲಿಲ್ಲ’ ಎನ್ನುವ ಇಂದಿನ ಜಾಣರು ಆ ಭಾಗವನ್ನು ಒಮ್ಮೆ ತೆರೆದು ನೋಡಬೇಕು. ಆರನೆಯ ಮೆಟ್ಟಿಲು ಎಲ್ಲರಿಗಲ್ಲವೆನ್ನುವವರೂ ಇದ್ದಾರೆ. ಇರಲಿ, ಏರಲಾಗದವನು ಏರದಿರಲಿ. ಆದರೆ ಒಂಬತ್ತು ಗಂಟೆಯ ತಟ್ಟೆಗೆ ಜೈನವೆಂಬ ಹೆಸರಿಡುವ ಅಗತ್ಯ ಅವನಿಗೇನಿದೆ? ಹಸಿರು ಚುಕ್ಕಿಯನ್ನು ನಂಬುವವರದೂ ಇದೇ ಕಥೆ. ಮದ್ಯ, ಮಾಂಸಗಳ ಜೊತೆಗೇ ತ್ಯಾಜ್ಯವಾದ ಜೇನುತುಪ್ಪದ ಸೀಸೆಯ ಮೇಲೂ ಆ ಚುಕ್ಕಿ ಇದ್ದೇ ಇರುತ್ತದೆ.

ಸಮ್ಮೇಳನಗಳ ರಾತ್ರಿಯೂಟವಂತೂ ಖೇದಕರ. ಡಿಸೆಂಬರಿನಲ್ಲಿ ಮುಂಬಯಿಯ ಸೂರ್ಯ ಸಂಜೆ 6ರ ಸುಮಾರಿಗೆ ಮುಳುಗುತ್ತಾನೆ. ಅಸ್ತಮಾನಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಉಣ್ಣುವ ನಿಯಮವುಳ್ಳವನು 5.15ರೊಳಗೆ ಕೈ ತೊಳೆದಿರಬೇಕು. ಅತ್ತ ಭಾಷಣಗಳು ಮುಗಿಯುವುದು ಏಳಕ್ಕೆ. ಸನ್ಮಾನ, ಹಾರತುರಾಯಿಗಳಾಗಿ ಊಟದ ಬಾಗಿಲು ತೆರೆಯುವುದು ಎಂಟೂವರೆಗೆ. ಮೂಲೆಯಲ್ಲಿ ‘ಜೈನ್ ಕೌಂಟರ್’ ಎಂಬ ಬೋರ್ಡು. ಅದರ ಮುಂದೆ ಸಾಲು ನಿಂತವರಲ್ಲಿ ಮರುದಿನ ಬೆಳಿಗ್ಗೆ ಅಭಿಷೇಕಕ್ಕೆ ಹೋಗುವವರೂ ಇರುತ್ತಾರೆ. ಜವಳಿ, ಧಾನ್ಯ, ಆಭರಣಗಳ ಎಷ್ಟೋ ವರ್ತಕ ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿ ಜೈನರೇ ಕುಳಿತಿರುವಾಗ, ಐದು ಗಂಟೆಯ ಚಹಾದ ವೇಳೆಗೆ ಅನ್ನ, ತೊವ್ವೆ, ರೊಟ್ಟಿಗಳನ್ನು ಒಂದು ಮೇಜಿನ ಮೇಲಿಡಿಸಲು ಯಾರ ಅಪ್ಪಣೆ ಬೇಕು?

ಒಂಟಿಯಾಗಿ ಹೋದವನಿಗೆ ಒಂದು ಅನುಕೂಲವಿದೆ: ಅವನು ಯಾರನ್ನೂ ಕಾಯಬೇಕಾಗಿಲ್ಲ. ನಾಲ್ಕೂವರೆಗೆ ಎದ್ದು ಹೊರಟರೆ ಕೇಳುವವರಿಲ್ಲ. ಥಾಲಿಯ ಭೋಜನಾಲಯಗಳಲ್ಲಿ ಬಹುತೇಕವು ಆ ಹೊತ್ತಿಗೆ ಮುಚ್ಚಿ ಏಳರ ಸುಮಾರಿಗೆ ತೆರೆಯುತ್ತವೆ, ನಿಜ. ಆದ್ದರಿಂದ ಇಡೀ ದಿನ ತೆರೆದಿರುವ ತಿಂಡಿಯ ಹೋಟೆಲನ್ನೇ ಆರಿಸಬೇಕು. ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ಕನ್ನಡದಲ್ಲಿಯೇ ವಿಚಾರಿಸಬಹುದು. ಸಾಂಬಾರಿನಲ್ಲಿ ಈರುಳ್ಳಿ ಇದ್ದರೆ ಬಿಟ್ಟು, ಚಟ್ನಿಗೆ ಶುಂಠಿ ಹಾಕಿದ್ದಾರೆಯೇ ಎಂದು ಕೇಳಿ ಎರಡು ಇಡ್ಲಿ ತಿಂದರೂ ಹೊಟ್ಟೆ ತಣ್ಣಗಾಗುತ್ತದೆ. ಹುದುಗಿದ್ದನ್ನು ಬಿಟ್ಟವನು ಅನ್ನ, ತುಪ್ಪ ಕೇಳಲಿ. ಉತ್ತರದ ಶೈಲಿಯ ಹೋಟೆಲುಗಳಲ್ಲಿ ‘ಈರುಳ್ಳಿ ಬೇಡ’ ಎಂದರೆ ಪ್ರಯೋಜನವಾಗದು. ಈರುಳ್ಳಿ–ಟೊಮೆಟೊ ಅರೆದ ಗ್ರೇವಿ ಬೆಳಿಗ್ಗೆಯೇ ಪಾತ್ರೆ ತುಂಬಿ ಸಿದ್ಧವಾಗಿರುತ್ತದೆ, ಅದರಿಂದ ಈರುಳ್ಳಿಯನ್ನು ಹೊರತೆಗೆಯಲು ಯಾವ ಬಾಣಸಿಗನಿಗೂ ಸಾಧ್ಯವಿಲ್ಲ. ಗ್ರೇವಿ ಇಲ್ಲದ, ಆಗಲೇ ಬೇಯಿಸುವ ಪದಾರ್ಥ ಯಾವುದೆಂದು ಕೇಳಬೇಕು. ಗಿರಾಕಿಗಳ ನೂಕುನುಗ್ಗಲಿಲ್ಲದ ಸಂಜೆ ಐದಕ್ಕೆ ಅಡಿಗೆಯವನು ಹೊರಗೆ ಬಂದು ಸಮಾಧಾನದಿಂದ ಉತ್ತರಿಸುತ್ತಾನೆ. ರಾತ್ರಿ ಒಂಬತ್ತಕ್ಕೆ ‘ಹೂಂ, ಜೈನ್’ ಎಂದು ತಲೆಯಾಡಿಸಿ ಒಳಗೆ ಹೋಗುತ್ತಾನೆ. ಒಳ್ಳೆಯ ಹೋಟೆಲೆಂದರೆ ದೊಡ್ಡ ಬೋರ್ಡಿನ ಹೋಟೆಲಲ್ಲ, ಕೇಳಿದ ಪ್ರಶ್ನೆಗೆ ನಿಜ ಹೇಳುವ ಹೋಟೆಲು.

ಇಷ್ಟೆಲ್ಲ ಅಲೆದಾಟ ವರ್ತಕನಿಗೆ ಸಾಧ್ಯವಾದೀತು. ಇಂದು ಮನೆಗಳಿಂದ ಹೆಣ್ಣುಮಕ್ಕಳೂ ಇಂಜಿನಿಯರ್, ವೈದ್ಯೆ, ಲೆಕ್ಕಪರಿಶೋಧಕಿಯರಾಗಿ ಹೈದರಾಬಾದು, ಪುಣೆ, ದೆಹಲಿಗಳ ಸಮ್ಮೇಳನಗಳಿಗೆ ಒಂಟಿಯಾಗಿ ಹೋಗುತ್ತಾರೆ. ಕತ್ತಲಾಗುವ ಮುನ್ನ ಉಂಡು ಕೋಣೆ ಸೇರಬೇಕೆಂದು ಅವರಿಗೆ ಹೇಳುವವರು ಮನೆ ತುಂಬ ಇದ್ದಾರೆ. ಎಲ್ಲಿ ಉಣ್ಣಬೇಕೆಂದು ಹೇಳುವವರು ಯಾರು?

ಆ ಪ್ರಶ್ನೆ ಬಸದಿಗಳ ಆಡಳಿತ ಮಂಡಳಿಗಳ ಬಾಗಿಲಿಗೇ ಬರುತ್ತದೆ. ಯಾತ್ರಾಸ್ಥಳಗಳ ಭೋಜನಶಾಲೆಗಳ ಮಾತು ಬೇರೆ. ಇಲ್ಲಿ ವಿಚಾರಣೀಯವಾದುದು ನಗರದ ಬಸದಿಗಳ ಸ್ಥಿತಿ. ಐವತ್ತು ಜನರ ಸಂಘ ಮೊದಲೇ ತಿಳಿಸಿ ಬಂದರೆ ಒಲೆ ಹೊತ್ತುತ್ತದೆ. ಒಬ್ಬನೇ ಬಂದು ನಿಂತರೆ ‘ಪತ್ರ ತಂದಿದ್ದೀರಾ, ಯಾವ ಊರಿನವರು, ಯಾರ ಪರಿಚಯ’ ಎಂಬ ವಿಚಾರಣೆ. ಕೊನೆಗೆ ‘ಒಬ್ಬರಿಗಾಗಿ ಅಡಿಗೆ ಆಗುವುದಿಲ್ಲ’ ಎಂಬ ತೀರ್ಪು. ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕದಂದು ಯಾತ್ರಿಕರ ಮಹಾಪೂರಕ್ಕೇ ಅನ್ನವಿಕ್ಕಿದ ಸಮಾಜಕ್ಕೆ ಒಬ್ಬನಿಗೆ ಒಂದು ತಟ್ಟೆ ಭಾರವಾಗುತ್ತದೆ! ಹೆಗ್ಗಡೆ ಮನೆತನದ ಆಡಳಿತದಲ್ಲಿರುವ ಧರ್ಮಸ್ಥಳದ ಅನ್ನಪೂರ್ಣದಲ್ಲಿ ಪಂಕ್ತಿಗೆ ಕುಳಿತವನ ಜಾತಿಮತವನ್ನು ಯಾರೂ ಕೇಳುವುದಿಲ್ಲವೆಂಬುದನ್ನು ಈ ಆಡಳಿತಗಾರರು ಅಭಿಮಾನದಿಂದ ಹೇಳಿಕೊಳ್ಳುವುದುಂಟು.

ಖರ್ಚಿನ ಮಾತು ಬಂದರೆ ಖಾತೆ ತೆರೆದೇ ನೋಡಬಹುದು. ಅಡಿಗೆಯವನ ಸಂಬಳ ಹೇಗೂ ಇದೆ. ಅವನು ಸಂಜೆ ನಾಲ್ಕರಿಂದ ಐದೂವರೆಯವರೆಗೆ ಹತ್ತು ಜನರ ಅಡಿಗೆ ಮಾಡಿದರೆ ಹೆಚ್ಚುವುದು ಅಕ್ಕಿ, ಬೇಳೆ, ಗ್ಯಾಸಿನ ವೆಚ್ಚ ಮಾತ್ರ. ಪ್ರಯಾಣಿಕ ಧರ್ಮಾರ್ಥ ಉಣ್ಣಲು ಬಂದಿಲ್ಲ, ಹೋಟೆಲಿಗೆ ತೆರುವುದನ್ನೇ ಇಲ್ಲಿ ತೆರುತ್ತಾನೆ. ಎಲ್ಲಾದರೂ ನಷ್ಟವಾದರೆ ಆಹಾರದಾನದ ಖಾತೆಗೆ ಬರೆಯಬಹುದು. ಚತುರ್ವಿಧ ದಾನಗಳಲ್ಲಿ ಅದೂ ಒಂದಷ್ಟೆ. ಅಮೃತಶಿಲೆಯ ನೆಲಕ್ಕೆ ದಾನಿ ಸಿಗುತ್ತಾನೆ, ಏಕೆಂದರೆ ಅದರ ಮೇಲೆ ಹೆಸರು ಕೆತ್ತಿಸಬಹುದು. ತೊವ್ವೆಯ ಪಾತ್ರೆಯ ಮೇಲೂ ಕೆತ್ತಿಸಲು ಅಡ್ಡಿಯೇನಿಲ್ಲ.

ಬರುವ ಆಯವ್ಯಯ ಸಭೆಯಲ್ಲಿ ಪ್ರತಿಯೊಂದು ನಗರದ ಬಸದಿಯೂ ಎರಡು ನಿರ್ಣಯಗಳನ್ನು ಮಾಡಲಿ. ಸಂಜೆಯ ಅಡಿಗೆ ಒಬ್ಬನೇ ಬಂದರೂ ಆಗಬೇಕು, ಹಿಂದಿನ ದಿನ ತಿಳಿಸಿದ್ದರೆ ಸಾಕು. ತಿಳಿಸಬೇಕಾದ ದೂರವಾಣಿ ಸಂಖ್ಯೆಯನ್ನು ಬಾಗಿಲ ಹೊರಗೆ ಬರೆಸಿ, ಕರೆ ಬಂದಾಗ ಎತ್ತುವ ಒಬ್ಬ ಮನುಷ್ಯನನ್ನು ಗೊತ್ತುಮಾಡಬೇಕು. ಅದೇ ಫಲಕದ ಮೇಲೆ ಆ ದಿನದ ಸೂರ್ಯಾಸ್ತದ ವೇಳೆಯನ್ನು ಸೀಮೆಸುಣ್ಣದಲ್ಲಿ ಬರೆದರೆ, ಒಳಗೆ ಕುಳಿತ ಪದಾಧಿಕಾರಿಗಳಿಗೂ ಉಪಯೋಗವಾದೀತು.